ಮಾನಿಟರ್ ಬಣ್ಣ ಸರಿ ಮಾಡಲು ಯಾವ ದಾರಿ: ಕಣ್ಣಳತೆಯೋ, ಕಲರಿಮೀಟರೋ, ದುಬಾರಿ ಮಾನಿಟರೋ?

ಮದುವೆ ಆಲ್ಬಮ್ ಲ್ಯಾಬ್‌ನಿಂದ ಬಂದಾಗ ಕಪ್ಪಗೆ ಕಾಣುತ್ತದೆ. ಧಾರೆ ಸೀರೆಯ ಕೆಂಪು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಆನ್‌ಲೈನ್‌ನಲ್ಲಿ ಇಳಕಲ್ ಸೀರೆ ಮಾರುವವರಿಗೆ ಗಿರಾಕಿಯ ಮೆಸೇಜ್ ಬರುತ್ತದೆ: ಫೋಟೋದಲ್ಲಿ ಇದ್ದ ಬಣ್ಣ ಇದಲ್ಲ, ವಾಪಸ್ ತಗೊಳ್ಳಿ. ಆಗ ಲ್ಯಾಬ್‌ನವರನ್ನು ಬೈಯುತ್ತೇವೆ, ಕ್ಯಾಮೆರಾ ಬೈಯುತ್ತೇವೆ. ಎಷ್ಟೋ ಸಲ ತಪ್ಪು ನಾವು ಎಡಿಟ್ ಮಾಡಿದ ಮಾನಿಟರ್‌ನದ್ದೇ ಆಗಿರುತ್ತದೆ.

ಅದನ್ನು ಸರಿ ಮಾಡಲು ದಾರಿಗಳು ಐದಾರು ಇವೆ. ಒಂದಕ್ಕೆ ನಯಾಪೈಸೆ ಖರ್ಚಿಲ್ಲ. ಇನ್ನೊಂದಕ್ಕೆ ಲಕ್ಷ ಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಮೊದಲು ಮಾಡಬೇಕಾದ್ದು ಬ್ರೈಟ್‌ನೆಸ್ ಇಳಿಸುವುದು. ಆಮೇಲೆ ದುಡ್ಡು ಹಾಕಬೇಕಾದ್ದು ಒಳ್ಳೆ ಪ್ಯಾನೆಲ್‌ಗೆ, ಅಂದರೆ ಪರದೆಗೆ. ಪರದೆಯ ಬಣ್ಣ ಅಳೆಯುವ ಯಂತ್ರ, ಅಂದರೆ ಕಲರಿಮೀಟರ್, ಮೂರನೆಯದು. ಈ ಸಾಲು ತಲೆಕೆಳಗಾದರೆ ದುಡ್ಡು ಹೋಗುತ್ತದೆ, ಬಣ್ಣ ಬರುವುದಿಲ್ಲ.

ನಿಮ್ಮ ಪ್ಯಾನೆಲ್‌ನಲ್ಲಿ ಬಣ್ಣ ಎಷ್ಟಿದೆ?

ಲ್ಯಾಪ್‌ಟಾಪ್ ಕೊಳ್ಳುವಾಗ ಸ್ಪೆಸಿಫಿಕೇಶನ್‌ನ ಕೆಳಗಡೆ ಒಂದು ಸಾಲು ಇರುತ್ತದೆ: 45% ಎನ್‌ಟಿಎಸ್‌ಸಿ. ಯಾರೂ ಅದನ್ನು ಓದುವುದಿಲ್ಲ. ಪ್ರೊಸೆಸರ್ ನೋಡುತ್ತೇವೆ, ರ‍್ಯಾಮ್ ನೋಡುತ್ತೇವೆ, ಮುಗೀತು. ಎನ್‌ಟಿಎಸ್‌ಸಿ ಹಳೆ ಟಿವಿ ಕಾಲದ ಬಣ್ಣದ ಅಳತೆ. ಆ 45% ಅಂದರೆ ಈಗಿನ ಪರದೆಗಳ ಸಾಮಾನ್ಯ ಅಳತೆಯಾದ ಎಸ್‌ಆರ್‌ಜಿಬಿಯ ಬಣ್ಣಗಳಲ್ಲಿ ಸುಮಾರು 62% ಮಾತ್ರ ಆ ಪರದೆಗೆ ತೋರಿಸಲು ಬರುತ್ತದೆ ಎಂದರ್ಥ. ಕುಂಕುಮದ ಕೆಂಪು, ಗಿಣಿ ಹಸಿರು ಎಲ್ಲ ಅಲ್ಲಿ ಪೇಲವ. 72% ಎನ್‌ಟಿಎಸ್‌ಸಿ ಎಂದಿದ್ದರೆ ಅದು ಹೆಚ್ಚು ಕಡಿಮೆ ಪೂರ್ತಿ ಎಸ್‌ಆರ್‌ಜಿಬಿ.

ಎಸ್‌ಆರ್‌ಜಿಬಿ ಅನ್ನುವುದು ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟ ಅಳತೆ. 1999ರಲ್ಲಿ ಅದು ಅಂತಾರಾಷ್ಟ್ರೀಯ ಮಾನದಂಡವಾಯಿತು. ಇವತ್ತಿಗೂ ವೆಬ್ ನಡೆಯುವುದು ಅದರ ಮೇಲೆಯೇ. ಆಲ್ಬಮ್ ಲ್ಯಾಬ್‌ಗಳು ಸಾಮಾನ್ಯವಾಗಿ ಕೇಳುವುದೂ ಎಸ್‌ಆರ್‌ಜಿಬಿ ಜೆಪೆಗ್ ಫೈಲನ್ನೇ.

ಈ ಪೇಲವ ಪ್ಯಾನೆಲ್‌ಗೆ ಎಂಥ ಯಂತ್ರ ಹಚ್ಚಿದರೂ ಅದರಲ್ಲಿ ಇಲ್ಲದ ಕೆಂಪು ಹುಟ್ಟುವುದಿಲ್ಲ. ಇರುವ ಬಣ್ಣಗಳು ಒಂದು ಶಿಸ್ತಿಗೆ ಬರುತ್ತವೆ, ಅಷ್ಟೇ. ಆದ್ದರಿಂದ ಅಂಥ ಲ್ಯಾಪ್‌ಟಾಪ್ ಇರುವವರು ಕಲರಿಮೀಟರ್ ಕೊಳ್ಳುವ ದುಡ್ಡಿಗೆ ಪೂರ್ತಿ ಎಸ್‌ಆರ್‌ಜಿಬಿ ತೋರಿಸುವ ಐಪಿಎಸ್ ಬಗೆಯ ಪ್ಯಾನೆಲ್ ಇರುವ ಒಂದು ಮಾನಿಟರ್ ತಂದು ಪಕ್ಕಕ್ಕೆ ಜೋಡಿಸಿಕೊಳ್ಳುವುದು ಮೇಲು. ಐಪಿಎಸ್ ಯಾಕೆಂದರೆ ಟಿಎನ್ ಪ್ಯಾನೆಲ್‌ನಲ್ಲಿ ತಲೆ ಸ್ವಲ್ಪ ಮೇಲೆ ಕೆಳಗೆ ಆದರೂ ಬಣ್ಣ ಬದಲಾಗುತ್ತದೆ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಚೆನ್ನಾಗಿರುತ್ತದೆ, ಆದರೆ ಬದಿಯಿಂದ ನೋಡಿದರೆ ನೆರಳಿನ ಭಾಗ ತೆಳುವಾಗುತ್ತದೆ. ಬಣ್ಣದ ಕೆಲಸಕ್ಕೆ ಐಪಿಎಸ್ ನಿಶ್ಚಿಂತೆ.

ಖರ್ಚಿಲ್ಲದ ದಾರಿ: ಬೆಳಕು ಮತ್ತು ಬ್ರೈಟ್‌ನೆಸ್

"ಪ್ರಿಂಟ್ ಡಾರ್ಕ್ ಬಂತು" ಅನ್ನುವ ದೂರಿಗೆ ಮುಕ್ಕಾಲು ಪಾಲು ಕಾರಣ ಬಣ್ಣ ಅಲ್ಲ, ಬೆಳಕು. ಹೊಸ ಮಾನಿಟರ್ ಡಬ್ಬಿಯಿಂದ ಹೊರಗೆ ಬರುವಾಗ 250, 300 ನಿಟ್‌ಗೆ ಉರಿಯುತ್ತಿರುತ್ತದೆ. ನಿಟ್ ಅಂದರೆ ಪರದೆಯ ಬೆಳಕಿನ ಅಳತೆ. ಅಂಗಡಿಯಲ್ಲಿ ಕಣ್ಣಿಗೆ ಹೊಡೆಯಲಿ ಅಂತ ಹಾಗೆ ಇಟ್ಟಿರುತ್ತಾರೆ. ಫೋಟೋ ಕೆಲಸಕ್ಕೆ ಬೇಕಾದ್ದು 80ರಿಂದ 120 ನಿಟ್. 300 ನಿಟ್‌ಗೆ ಉರಿಯುವ ಪರದೆಯಲ್ಲಿ ಫೋಟೋ ಸರಿ ಕಂಡಿತು ಅಂತ ಕಳಿಸಿದರೆ ಕಾಗದದ ಮೇಲೆ ಅದು ಕಪ್ಪಾಗದೆ ಇನ್ನೇನಾಗುತ್ತದೆ?

120 ನಿಟ್ ಎಷ್ಟು ಅಂತ ಯಂತ್ರ ಇಲ್ಲದೆ ತಿಳಿಯುವುದು ಹೇಗೆ? ನಿಮ್ಮ ಹತ್ತಿರ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಇದೆಯಲ್ವಾ, ಅದೇ ಸಾಕು. ಪರದೆ ತುಂಬಾ ಬಿಳಿ ಬಣ್ಣ ಹಾಕಿ. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ತನ್ನಿ. ಐಎಸ್‌ಒ 100, ಅಪರ್ಚರ್ ಎಫ್ 4, ಶಟರ್ 1/60 ಇಡಿ. ಪರದೆಯ ನಡುಭಾಗ ಮಾತ್ರ ಫ್ರೇಮ್ ತುಂಬುವ ಹಾಗೆ ಹಿಡಿದು ಮೀಟರ್ ನೋಡಿ. ಫೋಕಸ್ ಆಗದಿದ್ದರೂ ಚಿಂತೆಯಿಲ್ಲ. ಈಗ ಮಾನಿಟರ್‌ನ ಬ್ರೈಟ್‌ನೆಸ್ ಇಳಿಸುತ್ತಾ ಬನ್ನಿ. ಮೀಟರ್‌ನ ಗೆರೆ ಸೊನ್ನೆಗೆ ಬಂದು ನಿಂತಾಗ ಪರದೆ 120 ನಿಟ್ ಆಸುಪಾಸಿನಲ್ಲಿದೆ ಎಂದರ್ಥ. 80 ನಿಟ್ ಬೇಕಾದರೆ ಶಟರ್ 1/40 ಇಡಿ. ಅಳತೆ ಕರಾರುವಾಕ್ಕಲ್ಲ, ಲೆನ್ಸ್‌ನಿಂದ ಲೆನ್ಸ್‌ಗೆ ಸ್ವಲ್ಪ ಫರಕು ಇರುತ್ತದೆ. ಆದರೆ 300 ನಿಟ್‌ನಲ್ಲಿ ಕೂತು ಎಡಿಟ್ ಮಾಡುವುದಕ್ಕಿಂತ ಎಷ್ಟೋ ವಾಸಿ.

ಇಳಿಸಿದ ಮೊದಲ ದಿನ ಪರದೆ ಮಂಕಾಗಿ ಕಾಣುತ್ತದೆ. ಕಣ್ಣು ಹೊಂದಿಕೊಳ್ಳುತ್ತದೆ, ಮತ್ತೆ ಏರಿಸಲು ಹೋಗಬೇಡಿ. ಕೋಣೆಯ ಬೆಳಕು ಜಾಸ್ತಿ ಇದ್ದರೆ ಮಾತ್ರ ತೊಂದರೆ. ಕಿಟಕಿಯ ಬಿಸಿಲು ಪರದೆಗೆ ಬೀಳುವ ಜಾಗದಲ್ಲಿ 120 ನಿಟ್ ಸಾಲದು. ಬ್ರೈಟ್‌ನೆಸ್ ಏರಿಸುವ ಬದಲು ಕಿಟಕಿಗೆ ಕರ್ಟನ್ ಹಾಕಿ.

ಇನ್ನು ಆಫ್ ಮಾಡಬೇಕಾದ ಪಟ್ಟಿ. ವಿಂಡೋಸ್‌ನ ನೈಟ್ ಲೈಟ್, ಆಪಲ್‌ನ ಟ್ರೂ ಟೋನ್, ತಾನೇ ಬ್ರೈಟ್‌ನೆಸ್ ಬದಲಿಸುವ ಆಯ್ಕೆ, ಮಾನಿಟರ್ ಮೆನುವಿನ ಡೈನಾಮಿಕ್ ಕಾಂಟ್ರಾಸ್ಟ್, ಇಕೋ ಮೋಡ್, ಕಣ್ಣಿಗೆ ತಂಪು ಅಂತ ಕೊಡುವ ಹಳದಿ ಮೋಡ್. ಎಚ್‌ಡಿಎಂಐ ಕೇಬಲ್‌ನಲ್ಲಿ ಜೋಡಿಸಿದ್ದರೆ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಫುಲ್ ರೇಂಜ್ ಇದೆಯಾ ನೋಡಿ. ಕೆಲವು ಸಲ ಕಂಪ್ಯೂಟರ್ ಮಾನಿಟರನ್ನು ಟಿವಿ ಅಂದುಕೊಂಡು 0ಯಿಂದ 255ರ ಬದಲು 16ರಿಂದ 235ರಷ್ಟೇ ಕಳಿಸುತ್ತದೆ. ಆಗ ಕಪ್ಪು ಬೂದಿಯಾಗಿ ಕಾಣುತ್ತದೆ. ಇದನ್ನು ಸರಿ ಮಾಡದೆ ಯಾವ ಕ್ಯಾಲಿಬ್ರೇಶನ್, ಅಂದರೆ ಬಣ್ಣ ಹೊಂದಿಸುವ ಕೆಲಸ, ಮಾಡಿದರೂ ವ್ಯರ್ಥ.

ಕಣ್ಣಳತೆಯ ಕ್ಯಾಲಿಬ್ರೇಶನ್: ಅರ್ಧ ಕೆಲಸ ಆಗುತ್ತದೆ

ವಿಂಡೋಸ್‌ನಲ್ಲಿ ಸರ್ಚ್ ಪೆಟ್ಟಿಗೆಯಲ್ಲಿ ಡಿಸಿಸಿಡಬ್ಲ್ಯೂ ಎಂದು ನಾಲ್ಕು ಇಂಗ್ಲಿಷ್ ಅಕ್ಷರ ಟೈಪ್ ಮಾಡಿದರೆ ಬಣ್ಣ ಸರಿಮಾಡುವ ಒಂದು ಸಹಾಯಕ ತೆರೆಯುತ್ತದೆ. ಮ್ಯಾಕ್‌ನಲ್ಲೂ ಇಂಥದ್ದಿದೆ. ಗಾಮಾ (ಕಪ್ಪು ಬಿಳಿಯ ನಡುವಿನ ಛಾಯೆಗಳ ಏರಿಕೆ), ಬ್ರೈಟ್‌ನೆಸ್, ಕಾಂಟ್ರಾಸ್ಟ್ ಅಂತ ಒಂದೊಂದಾಗಿ ಕೇಳುತ್ತಾ ಹೋಗುತ್ತದೆ.

ಇದರಲ್ಲಿ ಕಣ್ಣಿಗೆ ಆಗುವ ಕೆಲಸ ಇದೆ, ಆಗದ ಕೆಲಸ ಇದೆ. ಕಪ್ಪು ಮತ್ತು ಬಿಳಿಯ ತುದಿಗಳನ್ನು ಕಣ್ಣು ಚೆನ್ನಾಗಿ ಹಿಡಿಯುತ್ತದೆ. ಅದಕ್ಕೆ ಆ ಸಹಾಯಕಕ್ಕಿಂತ ನೀವೇ ಮಾಡಿಕೊಳ್ಳುವ ಒಂದು ಚಿತ್ರ ಒಳ್ಳೆಯದು. ಫೋಟೋಶಾಪ್ ಅಥವಾ ಗಿಂಪ್‌ನಲ್ಲಿ ಪೂರ್ತಿ ಕಪ್ಪು ಹಿನ್ನೆಲೆ ಹಾಕಿ. ಅದರ ಮೇಲೆ ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಮೂರೂ 5, 10, 15, 20 ಇರುವ ನಾಲ್ಕು ಚೌಕ ಇಡಿ. ಪಕ್ಕದಲ್ಲಿ ಪೂರ್ತಿ ಬಿಳಿ ಹಿನ್ನೆಲೆಗೆ 245, 250, 252 ಇರುವ ಮೂರು ಚೌಕ. ಮಂದ ಬೆಳಕಿನಲ್ಲಿ ನೋಡಿ. 10ರ ಚೌಕವೂ ಕಪ್ಪಿನಲ್ಲಿ ಮುಳುಗಿದ್ದರೆ ಮದುಮಗನ ಕಪ್ಪು ಕೋಟಿನ ಮಡಿಕೆಗಳು ನಿಮಗೆ ಕಾಣುತ್ತಿಲ್ಲ ಎಂದಾಯಿತು. ಬಿಳಿಯಲ್ಲಿ 245ರ ಚೌಕವೇ ಕಾಣದಿದ್ದರೆ ಮಾನಿಟರ್‌ನ ಕಾಂಟ್ರಾಸ್ಟ್ ಜಾಸ್ತಿಯಾಗಿದೆ, ಬಿಳಿ ಪಂಚೆಯ ನೆರಿಗೆ ಮಾಯ. ಹೆಚ್ಚಿನ ಮಾನಿಟರ್‌ಗಳಲ್ಲಿ ಕಾಂಟ್ರಾಸ್ಟನ್ನು ಕಂಪನಿ ಇಟ್ಟ ಜಾಗಕ್ಕೆ ವಾಪಸ್ ತಂದರೆ ಸರಿಹೋಗುತ್ತದೆ.

ಆಗದ ಕೆಲಸ ಯಾವುದು? ಬಿಳಿ ಎಷ್ಟು ಬಿಳಿ ಅನ್ನುವುದು. ಹಳದಿ ಬಲ್ಬಿನ ಕೆಳಗೆ ಹತ್ತು ನಿಮಿಷ ಕೂತರೆ ಬಿಳಿ ಅಂಗಿ ಬಿಳಿಯಾಗೇ ಕಾಣುತ್ತದೆ. ಕಣ್ಣು ಯಾವ ಬಣ್ಣದ ಬೆಳಕಿಗಾದರೂ ಒಗ್ಗಿಕೊಳ್ಳುತ್ತದೆ. ಮಾನಿಟರ್‌ಗೂ ಹಾಗೇ. ಬಿಳಿಯ ಗುರಿ ಡಿ65, ಅಂದರೆ ಸುಮಾರು 6500 ಕೆಲ್ವಿನ್. ನಿಮ್ಮ ಪರದೆ 7500ಕ್ಕೆ ಇದ್ದು ನೀಲಿ ಕಾರುತ್ತಿದ್ದರೂ ನಿಮಗೆ ಅದು ಗೊತ್ತಾಗುವುದಿಲ್ಲ. ಆ ನೀಲಿಯನ್ನು ಸರಿದೂಗಿಸಲು ಗೊತ್ತಿಲ್ಲದೆಯೇ ಫೋಟೋಗೆ ಹಳದಿ ಸೇರಿಸುತ್ತೀರಿ. ಲ್ಯಾಬ್‌ನಿಂದ ಬಂದ ಆಲ್ಬಮ್‌ನಲ್ಲಿ ಎಲ್ಲರ ಮುಖವೂ ಅರಿಶಿನ ಶಾಸ್ತ್ರದ ದಿನದಂತೆ ಇರುತ್ತದೆ.

ಹಾಗಾಗಿ ಕಣ್ಣಳತೆಯಿಂದ ಕಪ್ಪು, ಬಿಳಿ, ಬ್ರೈಟ್‌ನೆಸ್ ಸರಿ ಮಾಡಿಕೊಳ್ಳಿ. ಆ ಸಹಾಯಕದಲ್ಲಿ ಕೆಂಪು, ಹಸಿರು, ನೀಲಿಯ ಸ್ಲೈಡರ್ ಬಂದಾಗ ಮುಟ್ಟದೆ ಮುಂದೆ ಹೋಗಿ. ಮಾನಿಟರ್ ಮೆನುವಿನಲ್ಲಿ 6500ಕೆ ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿ. ಅದು ಸರಿಯಾಗಿಯೇ ಇರುತ್ತದೆ ಅಂತಲ್ಲ, ಆದರೆ ನಿಮ್ಮ ಅಂದಾಜಿಗಿಂತ ಹತ್ತಿರ ಇರುವ ಸಾಧ್ಯತೆ ಜಾಸ್ತಿ.

ಬೇರೆಯವರ ಪ್ರೊಫೈಲ್ ಡೌನ್‌ಲೋಡ್ ಮಾಡುವುದು

ಬೇಡ. ನಿಮ್ಮದೇ ಮಾಡೆಲ್‌ನ ಮಾನಿಟರ್‌ಗೆ ಯಾರೋ ಅಳೆದು ಮಾಡಿದ ಐಸಿಸಿ ಫೈಲ್, ಅಂದರೆ ಪರದೆ ಬಣ್ಣವನ್ನು ಹೇಗೆ ತೋರಿಸುತ್ತದೆ ಎಂಬ ವಿವರದ ಪ್ರೊಫೈಲ್, ಪುಕ್ಕಟೆ ಸಿಗುತ್ತದೆ. ಆದರೆ ಒಂದೇ ಮಾಡೆಲ್‌ನ ಎರಡು ಮಾನಿಟರ್‌ಗಳು ಒಂದೇ ಥರ ಇರುವುದಿಲ್ಲ. ಕೆಲವು ಸಲ ಒಂದೇ ಮಾಡೆಲ್ ಹೆಸರಿನಲ್ಲಿ ಒಳಗಿನ ಪ್ಯಾನೆಲ್ಲೇ ಬೇರೆ ಕಂಪನಿಯದ್ದಾಗಿರುತ್ತದೆ. ಅವರ ಬ್ರೈಟ್‌ನೆಸ್ ಬೇರೆ, ಅವರ ಮೆನು ಸೆಟ್ಟಿಂಗ್ ಬೇರೆ. ಬೇರೆಯವರ ಕನ್ನಡಕ ಹಾಕಿಕೊಂಡ ಹಾಗೆ, ಹೊಂದಿದರೆ ಅದೃಷ್ಟ. ಮಾನಿಟರ್ ಕಂಪನಿ ತಾನೇ ಕೊಡುವ ಪ್ರೊಫೈಲ್ ಪರವಾಗಿಲ್ಲ. ಬಿಳಿ, ಗಾಮಾ ಅದು ಸರಿ ಮಾಡುವುದಿಲ್ಲ, ಆದರೆ ಪ್ಯಾನೆಲ್‌ನ ಬಣ್ಣದ ಹರವು ಎಷ್ಟು ಅನ್ನುವುದನ್ನಾದರೂ ಫೋಟೋಶಾಪ್‌ಗೆ ತಿಳಿಸುತ್ತದೆ.

ಫ್ಯಾಕ್ಟರಿಯಲ್ಲೇ ಸರಿಮಾಡಿದ ಮಾನಿಟರ್

ಡೆಲ್ ಅಲ್ಟ್ರಾಶಾರ್ಪ್, ಆಸುಸ್ ಪ್ರೋಆರ್ಟ್, ಬೆನ್‌ಕ್ಯೂ ಪಿಡಿ ಮುಂತಾದ ಸಾಲುಗಳ ಮಾನಿಟರ್‌ಗಳನ್ನು ಕಾರ್ಖಾನೆಯಲ್ಲಿ ಒಂದೊಂದಾಗಿ ಅಳೆದು ಸರಿಮಾಡಿ ಕಳಿಸುತ್ತಾರೆ. ಎಷ್ಟೋ ಮಾಡೆಲ್‌ಗಳ ಡಬ್ಬಿಯಲ್ಲಿ ಒಂದು ವರದಿ ಹಾಳೆಯೂ ಇರುತ್ತದೆ. ಡೆಲ್ಟಾ ಇ 2ಕ್ಕಿಂತ ಕಡಿಮೆ ಅಂತ ಅದರಲ್ಲಿ ಬರೆದಿರುತ್ತದೆ. ಡೆಲ್ಟಾ ಇ ಅಂದರೆ ತೋರಿಸಬೇಕಾದ ಬಣ್ಣಕ್ಕೂ ತೋರಿಸಿದ ಬಣ್ಣಕ್ಕೂ ಇರುವ ಅಂತರ. 1ಕ್ಕಿಂತ ಕಡಿಮೆ ಇದ್ದರೆ ಕಣ್ಣಿಗೆ ಕಾಣುವುದಿಲ್ಲ ಅಂತ ಲೆಕ್ಕ. 2, 3 ಇದ್ದರೆ ಎರಡು ಬಣ್ಣ ಪಕ್ಕಪಕ್ಕ ಇಟ್ಟಾಗ ಮಾತ್ರ ಗೊತ್ತಾಗುತ್ತದೆ.

ಹೊಸ ಮಾನಿಟರ್ ಹೇಗೂ ಕೊಳ್ಳಬೇಕು ಅಂದುಕೊಂಡವರಿಗೆ ಇದೇ ನನ್ನ ಮೊದಲ ಸಲಹೆ. ಯಂತ್ರ ಬೇಡ, ಸಾಫ್ಟ್‌ವೇರ್ ಬೇಡ, ಡಬ್ಬಿ ಬಿಚ್ಚಿ ಎಸ್‌ಆರ್‌ಜಿಬಿ ಮೋಡ್ ಹಾಕಿ ಬ್ರೈಟ್‌ನೆಸ್ ಇಳಿಸಿದರೆ ಕೆಲಸ ಶುರು. ಗಮನಿಸಬೇಕಾದ್ದು ಎರಡು. ಆ ಅಳತೆ ಸಾಮಾನ್ಯವಾಗಿ ಎಸ್‌ಆರ್‌ಜಿಬಿಯಂಥ ಒಂದೆರಡು ಮೋಡ್‌ಗೆ ಮಾತ್ರ ಅನ್ವಯ. ನೀವು ಸ್ಟ್ಯಾಂಡರ್ಡ್ ಅಥವಾ ಮೂವಿ ಮೋಡ್‌ನಲ್ಲಿ ಇಟ್ಟು ವರದಿ ಹಾಳೆ ತೋರಿಸಿದರೆ ಪ್ರಯೋಜನ ಇಲ್ಲ. ಎರಡನೆಯದು, ಕೆಲವು ಮಾಡೆಲ್‌ಗಳಲ್ಲಿ ಎಸ್‌ಆರ್‌ಜಿಬಿ ಮೋಡ್ ಹಾಕಿದ ಕೂಡಲೇ ಬ್ರೈಟ್‌ನೆಸ್ ಬಟನ್‌ಗೆ ಬೀಗ ಬೀಳುತ್ತದೆ. 250 ನಿಟ್‌ನಲ್ಲಿ ಬೀಗ ಬಿದ್ದ ಎಸ್‌ಆರ್‌ಜಿಬಿ ಯಾರಿಗೆ ಬೇಕು? ಕೊಳ್ಳುವ ಮುಂಚೆ ರಿವ್ಯೂಗಳಲ್ಲಿ ಇದೊಂದನ್ನು ಹುಡುಕಿ. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ಅಂಗಡಿಗೇ ಹೋಗಿ ಕೊಳ್ಳುವವರು ಅಲ್ಲೇ ಮೆನು ತೆಗೆದು ನೋಡಬಹುದು. ಅರ್ಧ ನಿಮಿಷದ ಕೆಲಸ.

ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ತೋರಿಸುವ ಮಾನಿಟರ್ ಬಗ್ಗೆಯೂ ಒಂದು ಮಾತು. ಪಿ3 95%, ಅಡೋಬಿ ಆರ್‌ಜಿಬಿ 99% ಅಂತ ಇರುತ್ತದಲ್ಲ, ಅದು. ಜಾಸ್ತಿ ಬಣ್ಣ ಅಂದರೆ ಜಾಸ್ತಿ ಒಳ್ಳೆಯದು ಅಂತ ಕೊಳ್ಳುತ್ತಾರೆ. ಫೋಟೋಶಾಪ್, ಲೈಟ್‌ರೂಮ್‌ನಂಥ ಸಾಫ್ಟ್‌ವೇರ್‌ಗಳು ಮಾನಿಟರ್‌ನ ಪ್ರೊಫೈಲ್ ಓದಿ ಬಣ್ಣವನ್ನು ಅದಕ್ಕೆ ತಕ್ಕಂತೆ ಬದಲಿಸುತ್ತವೆ. ಪ್ರೊಫೈಲ್ ಓದದ ಆಪ್‌ಗಳು ಸುಮ್ನೆ ಸಂಖ್ಯೆಯನ್ನು ಪರದೆಗೆ ಎಸೆಯುತ್ತವೆ. ಆಗ ಸಾಧಾರಣ ಕೆಂಪೂ ಬೆಂಕಿಯಾಗಿ ಕಾಣುತ್ತದೆ. ಪ್ರೊಫೈಲ್ ಗೊಡವೆ ಬೇಡ ಅನ್ನುವವರು ಈ ಮಾನಿಟರನ್ನೂ ಎಸ್‌ಆರ್‌ಜಿಬಿ ಮೋಡ್‌ನಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಆಪಲ್‌ನ 14 ಮತ್ತು 16 ಇಂಚಿನ ಮ್ಯಾಕ್‌ಬುಕ್ ಪ್ರೊ 2021ರಿಂದ ಇಂಥ ಮೋಡ್‌ಗಳನ್ನು ಒಳಗೇ ಇಟ್ಟುಕೊಂಡು ಬರುತ್ತಿದೆ. ಫೋಟೋಗೆ ಒಂದು, ಪ್ರಿಂಟ್‌ಗೆ ಒಂದು, ವೆಬ್‌ಗೆ ಒಂದು. ಅದು ಇದ್ದವರು ಮೋಡ್ ಆರಿಸಿ ಕೆಲಸ ಮಾಡಿ, ಈ ಲೇಖನದ ಉಳಿದ ಭಾಗ ನಿಮಗೆ ಅಷ್ಟು ಅಗತ್ಯವಿಲ್ಲ.

ಕಲರಿಮೀಟರ್: ಯಂತ್ರಗಳಲ್ಲಿ ಇದೇ ಸರಿಯಾದ ಮೆಟ್ಟಿಲು

ಒಂದು ಸಣ್ಣ ಡಬ್ಬಿ. ಯುಎಸ್‌ಬಿ ವಯರ್, ಹಿಂದೆ ನೇತುಹಾಕಲು ತೂಕ, ಮುಂದೆ ಸೆನ್ಸರ್. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಹೆಸರು. ಡೇಟಾಕಲರ್‌ನ ಸ್ಪೈಡರ್, ಮತ್ತು ಕ್ಯಾಲಿಬ್ರೈಟ್‌ನ ಡಿಸ್‌ಪ್ಲೇ ಸಾಲು. ಕ್ಯಾಲಿಬ್ರೈಟ್ ಹೊಸ ಹೆಸರು ಅಂತ ಹೆದರಬೇಡಿ. ಮೊದಲು ಎಕ್ಸ್‌ರೈಟ್ ಹೆಸರಿನಲ್ಲಿ ಬರುತ್ತಿದ್ದ ಐ1 ಡಿಸ್‌ಪ್ಲೇ ಪ್ರೊ 2021ರ ನಂತರ ಈ ಹೆಸರಿಗೆ ಬಂತು. ಬೆಲೆ ಹತ್ತು ಸಾವಿರದ ಮೇಲೆಯೇ ಶುರುವಾಗುತ್ತದೆ.

ಎರಡರಲ್ಲಿ ಯಾವುದು? ಸಾಧಾರಣ ಎಲ್‌ಇಡಿ ಮಾನಿಟರ್ ಒಂದಿದೆ, ಕೊಟ್ಟ ಸಾಫ್ಟ್‌ವೇರ್‌ನಲ್ಲಿ ನೆಕ್ಸ್ಟ್ ನೆಕ್ಸ್ಟ್ ಒತ್ತಿ ಮುಗಿಸಬೇಕು ಅನ್ನುವವರಿಗೆ ಯಾವುದಾದರೂ ಆದೀತು. ಒಂದೇ ಕಂಪನಿಯ ಅಗ್ಗದ ಮತ್ತು ದುಬಾರಿ ಮಾಡೆಲ್‌ಗಳ ನಡುವೆ ಎಷ್ಟೋ ಸಲ ಯಂತ್ರದ ವ್ಯತ್ಯಾಸವೇ ಇರುವುದಿಲ್ಲ. ಸ್ಪೈಡರ್‌ಎಕ್ಸ್‌ನ ಪ್ರೊ, ಎಲೈಟ್ ಎರಡರಲ್ಲೂ ಸೆನ್ಸರ್ ಒಂದೇ ಆಗಿತ್ತು. ಹೆಚ್ಚು ದುಡ್ಡು ಸಾಫ್ಟ್‌ವೇರ್‌ನ ಬೀಗ ತೆಗೆಯಲು. ಇಲ್ಲಿಯೇ ಡಿಸ್‌ಪ್ಲೇಕ್ಯಾಲ್ ನೆನಪಿಡಬೇಕು. ಆರ್ಗಿಲ್ ಸಿಎಂಎಸ್ ಎಂಬ ಎಂಜಿನ್ ಮೇಲೆ ನಡೆಯುವ ಈ ಸಾಫ್ಟ್‌ವೇರ್ ಪುಕ್ಕಟೆ. ಬಿಳಿಯ ಗುರಿ, ಗಾಮಾ, ನಿಟ್ ಎಲ್ಲವನ್ನೂ ನಮಗೆ ಬೇಕಾದಂತೆ ಇಡಬಹುದು. ಮೂಲ ಆವೃತ್ತಿ ನಿಂತುಹೋಗಿ ಈಗ ಬಳಕೆದಾರರೇ ಪೈಥಾನ್ 3ಕ್ಕೆ ತಂದು ಮುಂದುವರಿಸಿದ್ದಾರೆ. ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕು. ಕೆಡಿಸಿಕೊಳ್ಳುವ ಆಸೆ ಇದ್ದರೆ ಅಗ್ಗದ ಯಂತ್ರ ಕೊಂಡು ಇದನ್ನು ಬಳಸಿ. ಕೊಳ್ಳುವ ಮುಂಚೆ ನಿಮ್ಮ ಯಂತ್ರದ ಹೆಸರು ಆರ್ಗಿಲ್ ಪಟ್ಟಿಯಲ್ಲಿ ಇದೆಯಾ ನೋಡಿಕೊಳ್ಳಿ.

ಈಗ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಮಾನಿಟರ್ ಆನ್ ಮಾಡಿ ಅರ್ಧ ಗಂಟೆ ಬಿಡಿ, ಬೆಳಕು ನೆಲೆಗೆ ಬರಲಿ. ಪರದೆಯನ್ನು ಒಣ ಬಟ್ಟೆಯಿಂದ ಒರೆಸಿ. ಮೆನುವಿನಲ್ಲಿ ಯೂಸರ್ ಅಥವಾ ಕಸ್ಟಮ್ ಮೋಡ್ ಹಾಕಿ. ಪರದೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಆಗ ಡಬ್ಬಿ ಅದಕ್ಕೆ ಅಂಟಿ ಕೂರುತ್ತದೆ. ಸಂದಿನಲ್ಲಿ ಟ್ಯೂಬ್‌ಲೈಟ್ ಬೆಳಕು ನುಗ್ಗಿದರೆ ಕಪ್ಪಿನ ಅಳತೆ ಕೆಡುತ್ತದೆ. ಲೈಟ್ ಆರಿಸಿಬಿಡುವುದೇ ಸುಲಭ.

ಸಾಫ್ಟ್‌ವೇರ್ ಮೊದಲು ಬಿಳಿ ತೋರಿಸಿ ಕೆಂಪು, ಹಸಿರು, ನೀಲಿಯ ಮೂರು ಪಟ್ಟಿ ಇಡುತ್ತದೆ. ನೀಲಿ ಮೇಲೆ ಎದ್ದಿದೆ, ಕೆಂಪು ಕೆಳಗಿದೆ ಅಂದುಕೊಳ್ಳಿ. ಮಾನಿಟರ್‌ನ ಬಟನ್ ಒತ್ತಿ ಆರ್‌ಜಿಬಿ ಗೇನ್‌ಗೆ ಹೋಗಿ ನೀಲಿಯನ್ನು 100ರಿಂದ 94ಕ್ಕೆ ಇಳಿಸುತ್ತೀರಿ. ಪಟ್ಟಿ ಇಳಿಯುತ್ತದೆ. ಹಸಿರನ್ನು 97ಕ್ಕೆ. ಕೆಂಪನ್ನು ಏರಿಸುವ ಬದಲು ಉಳಿದೆರಡನ್ನು ಅದರ ಮಟ್ಟಕ್ಕೆ ತರುವುದು ರೂಢಿ. ಮೂರೂ ಸಾಲಿಗೆ ಬಂದಾಗ ಬ್ರೈಟ್‌ನೆಸ್ ಇಳಿಸಿ 120ಕ್ಕೆ ತನ್ನಿ. ಇಷ್ಟೂ ಕೆಲಸ ಮಾನಿಟರ್‌ನ ಒಳಗೇ ಆಯಿತು, ಗ್ರಾಫಿಕ್ಸ್ ಕಾರ್ಡ್‌ಗೆ ಭಾರ ಇಲ್ಲ. ಆಮೇಲೆ ಡಬ್ಬಿಯ ಕೆಳಗೆ ಬಣ್ಣದ ಚೌಕಗಳು ಒಂದೊಂದಾಗಿ ಬಂದುಹೋಗುತ್ತವೆ. ನೀವು ಕಾಫಿಗೆ ಎದ್ದು ಹೋಗಬಹುದು. ಕೊನೆಗೆ ಗಾಮಾ 2.2ಕ್ಕೆ ಬೇಕಾದ ತಿದ್ದುಪಡಿ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುತ್ತದೆ, ಪರದೆ ಹೇಗಿದೆ ಅನ್ನುವ ವಿವರ ಐಸಿಸಿ ಫೈಲ್ ಆಗಿ ಉಳಿಯುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಆರ್‌ಜಿಬಿ ಗೇನ್ ಬಟನ್ ಇರುವುದಿಲ್ಲ. ಎಲ್ಲ ತಿದ್ದುಪಡಿಯೂ ಗ್ರಾಫಿಕ್ಸ್ ಕಾರ್ಡ್ ಮೇಲೆಯೇ ಬೀಳುತ್ತದೆ. ತುಂಬಾ ತಿದ್ದಬೇಕಾಗಿ ಬಂದರೆ ಆಕಾಶದ ಫೋಟೋದಲ್ಲಿ ಮೆಟ್ಟಿಲು ಮೆಟ್ಟಿಲು ಕಾಣುತ್ತದೆ.

ಕಲರಿಮೀಟರ್‌ನಲ್ಲಿ ಜನ ಎಡವುವ ಜಾಗ ಒಂದಿದೆ. ಶುರುವಿನಲ್ಲಿ ಸಾಫ್ಟ್‌ವೇರ್ ನಿಮ್ಮ ಪರದೆಯ ಜಾತಿ ಕೇಳುತ್ತದೆ: ಸಾಧಾರಣ ವೈಟ್ ಎಲ್‌ಇಡಿಯಾ, ವೈಡ್ ಗ್ಯಾಮಟ್ (ಬಣ್ಣದ ಹರವು ಹೆಚ್ಚಿರುವ) ಎಲ್‌ಇಡಿಯಾ, ಒಎಲ್‌ಇಡಿಯಾ? ಸೆನ್ಸರ್ ಮುಂದೆ ಇರುವುದು ಬಣ್ಣದ ಫಿಲ್ಟರ್‌ಗಳು. ಹಿಂದಿನ ಬೆಳಕು ಯಾವ ಬಗೆಯದು ಅಂತ ತಿಳಿಯದೆ ಅವು ಸರಿಯಾಗಿ ಲೆಕ್ಕ ಹಾಕಲಾರವು. ತಪ್ಪು ಉತ್ತರ ಕೊಟ್ಟರೆ ಬಿಳಿಗೆ ಹಸಿರೋ ಗುಲಾಬಿಯೋ ಹತ್ತುತ್ತದೆ. ಅದರಲ್ಲೂ ಮಜಾ ಏನೆಂದರೆ ಕೊನೆಗೆ ಬರುವ ವರದಿಯಲ್ಲಿ ಡೆಲ್ಟಾ ಇ 0.5 ಅಂತ ಹೊಳೆಯುತ್ತಿರುತ್ತದೆ. ತಾನೇ ಅಳೆದು, ತಾನೇ ಪರೀಕ್ಷೆ ಬರೆದು, ತಾನೇ ಅಂಕ ಕೊಟ್ಟುಕೊಂಡರೆ ಇನ್ನೇನು? ಆ ಅಂಕ ನೋಡಿ ನಂಬಬೇಡಿ. ನಿಮ್ಮ ಪ್ಯಾನೆಲ್‌ನ ಬ್ಯಾಕ್‌ಲೈಟ್ ಯಾವುದು ಅಂತ ಹುಡುಕಿ ಸರಿಯಾದ ಆಯ್ಕೆ ಹಾಕಿದ್ದೀರಾ ಅನ್ನುವುದು ಅದಕ್ಕಿಂತ ಮುಖ್ಯ.

ಇನ್ನೊಂದು ಗೊಂದಲ ಎರಡು ಮಾನಿಟರ್ ಇದ್ದವರಿಗೆ ಬರುತ್ತದೆ. ಎರಡನ್ನೂ ಅಳೆದು ಡಿ65ಕ್ಕೆ ತಂದಿದ್ದೀರಿ, ಆದರೂ ಒಂದರ ಬಿಳಿ ಇನ್ನೊಂದರ ಹಾಗಿಲ್ಲ. ಯಂತ್ರ ಕೆಟ್ಟಿಲ್ಲ. ಬ್ಯಾಕ್‌ಲೈಟ್ ಬೇರೆ ಬೇರೆಯಾದಾಗ ಸಂಖ್ಯೆ ಒಂದೇ ಬಂದರೂ ನಮ್ಮ ಕಣ್ಣಿಗೆ ಬೇರೆ ಕಾಣಬಹುದು. ಲೆಕ್ಕಕ್ಕೆ ಬಳಸುವ ಸರಾಸರಿ ಕಣ್ಣು 1931ರಲ್ಲಿ ಸಿಐಇ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ನಿಗದಿ ಮಾಡಿದ್ದು, ನಿಮ್ಮದಲ್ಲ. ಹೀಗಾದಾಗ ಮುಖ್ಯ ಮಾನಿಟರನ್ನು ಯಂತ್ರಕ್ಕೆ ಬಿಟ್ಟು, ಎರಡನೆಯದರ ಬಿಳಿಯನ್ನು ಮೊದಲನೆಯದರ ಪಕ್ಕ ಇಟ್ಟು ಕಣ್ಣಳತೆಯಲ್ಲಿ ಹೊಂದಿಸಿ. ಕಣ್ಣಿನ ಮಾತು ಇಲ್ಲಿ ನಡೆಯುತ್ತದೆ, ಹೋಲಿಸಲು ಪಕ್ಕದಲ್ಲೇ ಒಂದು ಇದೆಯಲ್ಲ.

ಅದಕ್ಕೂ ಮೇಲಿನವು

ಸ್ಪೆಕ್ಟ್ರೋಫೋಟೋಮೀಟರ್ ಬೆಳಕನ್ನು ಒಡೆದು ಅಲೆಯಲೆಯಾಗಿ ಅಳೆಯುತ್ತದೆ. ಪರದೆಯ ಜಾತಿ ಕೇಳುವುದಿಲ್ಲ. ಕಾಗದದ ಮೇಲಿನ ಶಾಯಿಯನ್ನೂ ಅಳೆಯುತ್ತದೆ. ಎಕ್ಸ್‌ರೈಟ್‌ನ ಐ1 ಪ್ರೊ 3ರಂಥದ್ದರ ಬೆಲೆ ಲಕ್ಷ ದಾಟುತ್ತದೆ. ಕಪ್ಪಿನ ಹತ್ತಿರದ ಬಣ್ಣ ಅಳೆಯುವುದರಲ್ಲಿ ಅದು ಕಲರಿಮೀಟರ್‌ಗಿಂತ ಹಿಂದೆ. ಸ್ವಂತ ಪ್ರಿಂಟರ್, ಸ್ವಂತ ಪ್ರೆಸ್ ಇದ್ದವರಿಗೆ ಬೇಕು. ಮಾನಿಟರ್ ಒಂದಕ್ಕಾಗಿ ಕೊಳ್ಳುವುದು ದುಂದು.

ಹಾರ್ಡ್‌ವೇರ್ ಕ್ಯಾಲಿಬ್ರೇಶನ್ ಇರುವ ಮಾನಿಟರ್ ಬೇರೆಯೇ ಸುಖ. ಐಜೋ ಕಲರ್‌ಎಡ್ಜ್, ಬೆನ್‌ಕ್ಯೂ ಎಸ್‌ಡಬ್ಲ್ಯೂ ಸಾಲುಗಳಲ್ಲಿ ತಿದ್ದುಪಡಿಯ ಪಟ್ಟಿ ಮಾನಿಟರ್ ಒಳಗೇ ಕೂರುತ್ತದೆ. ಗ್ರಾಫಿಕ್ಸ್ ಕಾರ್ಡ್ ಬದಲಾಗಲಿ, ವಿಂಡೋಸ್ ಅಪ್‌ಡೇಟ್ ಆಗಲಿ, ಗೇಮ್ ಒಂದು ಬಂದು ಸೆಟ್ಟಿಂಗ್ ಅಳಿಸಲಿ, ಬಣ್ಣ ಅಲುಗುವುದಿಲ್ಲ. ಎಸ್‌ಆರ್‌ಜಿಬಿ, ಅಡೋಬಿ ಆರ್‌ಜಿಬಿ, ಪ್ರಿಂಟ್ ಅಂತ ಮೂರು ಅಳತೆ ಇಟ್ಟುಕೊಂಡು ಬಟನ್‌ನಲ್ಲಿ ಬದಲಿಸಬಹುದು. ಐಜೋದ ಸಿಜಿ ಮಾಡೆಲ್‌ಗಳಲ್ಲಿ ಸೆನ್ಸರ್ ಕೂಡ ಒಳಗೇ ಇರುತ್ತದೆ. ಹೇಳಿದ ಹೊತ್ತಿಗೆ ಹೊರಗೆ ಬಂದು ತಾನೇ ಅಳೆದುಕೊಂಡು ಒಳಗೆ ಹೋಗುತ್ತದೆ. ದಿನವಿಡೀ ಬಣ್ಣದಿಂದಲೇ ಊಟ ಮಾಡುವವರಿಗೆ ಇದು ಸರಿ.

ಯಾರಿಗೆ ಯಾವುದು

ಸೀರೆ, ಚನ್ನಪಟ್ಟಣದ ಗೊಂಬೆ, ಒಡವೆ ಆನ್‌ಲೈನ್‌ನಲ್ಲಿ ಮಾರುವವರಿಗೆ ಫ್ಯಾಕ್ಟರಿಯಲ್ಲಿ ಸರಿಮಾಡಿದ ಮಾನಿಟರ್ ಧಾರಾಳ ಸಾಕು. ಗಿರಾಕಿ ನೋಡುವುದು ಫೋನಿನಲ್ಲಿ. ಅವರ ಫೋನ್ ಬಣ್ಣ ಏರಿಸಿ ತೋರಿಸುವ ವಿವಿಡ್ ಮೋಡ್‌ನಲ್ಲಿ ಇದ್ದರೆ ನಿಮ್ಮ ಡೆಲ್ಟಾ ಇ 1 ಆದರೇನು, 3 ಆದರೇನು. ನೀವು ಸರಿಯಾದ ಎಸ್‌ಆರ್‌ಜಿಬಿಯಲ್ಲಿ ಇದ್ದರೆ ಎಲ್ಲ ಫೋನ್‌ಗಳಿಗೂ ಹತ್ತಿರ ಇರುತ್ತೀರಿ, ಅಷ್ಟು ಮಾಡಲು ಸಾಧ್ಯ. ದುಡ್ಡು ಉಳಿದರೆ ಒಳ್ಳೆ ಲೈಟ್ ಮತ್ತು ಫೋಟೋದ ಬಣ್ಣ ಹೊಂದಿಸಲು ಬಳಸುವ ಒಂದು ಬೂದು ಹಲಗೆಗೆ (ಗ್ರೇ ಕಾರ್ಡ್) ಹಾಕಿ. ಟ್ಯೂಬ್‌ಲೈಟ್ ಒಂದು ಕಡೆ, ಕಿಟಕಿ ಇನ್ನೊಂದು ಕಡೆ ಇಟ್ಟು ತೆಗೆದ ಫೋಟೋವನ್ನು ಯಾವ ಮಾನಿಟರೂ ಉಳಿಸಲಾರದು. ನವಿಲು ಬಣ್ಣದ ರೇಷ್ಮೆಯಂಥ ಗಾಢ ನೀಲಿ ಹಸಿರು ಎಷ್ಟೋ ಸಲ ಎಸ್‌ಆರ್‌ಜಿಬಿಗೇ ನಿಲುಕುವುದಿಲ್ಲ. ಜರಿಯ ಹೊಳಪಂತೂ ಬಣ್ಣವೇ ಅಲ್ಲ, ಬೆಳಕಿನ ಆಟ. ಅಂಥ ಸೀರೆಗೆ ಬಿಸಿಲಿನ ನೆರಳಿನಲ್ಲಿ ತೆಗೆದ ಒಂದು ಸಣ್ಣ ವಿಡಿಯೋ ಹಾಕಿ, ಬಣ್ಣದ ಹೆಸರನ್ನು ಬರೆಯಿರಿ. ರಿಟರ್ನ್ ಕಡಿಮೆಯಾಗುವುದು ಅದರಿಂದಲೇ ಜಾಸ್ತಿ.

ಮದುವೆ ಫೋಟೋಗ್ರಾಫರ್‌ಗಳು ಕಲರಿಮೀಟರ್ ಇಟ್ಟುಕೊಳ್ಳಬೇಕು. ಯಾಕೆಂದರೆ ನಿಮಗೆ ಒಂದೇ ಬಣ್ಣ ವರ್ಷಪೂರ್ತಿ ಬೇಕು, ಎಡಿಟ್ ಮಾಡುವ ಹುಡುಗರ ಎರಡು ಮೂರು ಮಾನಿಟರ್‌ಗಳೂ ಒಂದೇ ಮಾತು ಹೇಳಬೇಕು. ಪಕ್ಕದ ಸ್ಟುಡಿಯೋದವರ ಜೊತೆ ಸೇರಿ ಕೊಂಡರೂ ಆದೀತು, ದಿನಾ ಬೇಕಾಗುವ ವಸ್ತುವಲ್ಲ. ಸಾಫ್ಟ್‌ವೇರ್ ಲೈಸೆನ್ಸ್ ಎಷ್ಟು ಕಂಪ್ಯೂಟರ್‌ಗೆ ಅನ್ನುವುದನ್ನು ನೋಡಿಕೊಳ್ಳಿ. ಲ್ಯಾಬ್‌ನವರನ್ನು ಅವರ ಪೇಪರ್‌ನ ಐಸಿಸಿ ಪ್ರೊಫೈಲ್ ಕೇಳಿ. ಕೊಟ್ಟರೆ ಪ್ರಿಂಟ್ ಹೇಗೆ ಬಂದೀತು ಅಂತ ಪರದೆಯಲ್ಲೇ ತೋರಿಸುವ ಫೋಟೋಶಾಪ್‌ನ ಸಾಫ್ಟ್ ಪ್ರೂಫ್‌ನಲ್ಲಿ ಹಾಕಿ ನೋಡಿ. ಕೊಡದಿದ್ದರೆ ಒಂದು ಸಣ್ಣ ಪ್ರಿಂಟ್ ತೆಗೆಸಿ ಕಿಟಕಿಯ ಹಗಲು ಬೆಳಕಿನಲ್ಲಿ ಪರದೆಗೆ ಹೋಲಿಸಿ.

ಆಫ್‌ಸೆಟ್ ಪ್ರಿಂಟ್, ಪುಸ್ತಕದ ಮುಖಪುಟ, ಪ್ಯಾಕಿಂಗ್ ಡಬ್ಬಿ ಮಾಡುವ ಡಿಸೈನರ್‌ಗಳಿಗೆ ಬಿಳಿಯ ಗುರಿಯೇ ಬೇರೆ. ಪ್ರಿಂಟ್ ಲೋಕ ನಡೆಯುವುದು ಡಿ50, ಅಂದರೆ 5000 ಕೆಲ್ವಿನ್ ಬೆಳಕಿನಲ್ಲಿ. ಪಕ್ಕದಲ್ಲಿ ಅದೇ ಬೆಳಕಿನ ಲ್ಯಾಂಪ್ ಇಲ್ಲದೆ ಪರದೆ ಮಾತ್ರ ಡಿ50 ಮಾಡಿದರೆ ಎಲ್ಲ ಹಳದಿ ಕಾಣುತ್ತದೆ, ಆದ್ದರಿಂದ ಲ್ಯಾಂಪ್ ಮೊದಲು. ಅಡೋಬಿ ಆರ್‌ಜಿಬಿ ತೋರಿಸುವ ಹಾರ್ಡ್‌ವೇರ್ ಕ್ಯಾಲಿಬ್ರೇಶನ್ ಮಾನಿಟರ್‌ಗೆ ದುಡ್ಡು ಹಾಕಲು ನ್ಯಾಯ ಇರುವುದು ಇಲ್ಲಿ.

ವಿಡಿಯೋ ಗ್ರೇಡಿಂಗ್‌ಗೆ (ವಿಡಿಯೋದ ಬಣ್ಣ ತಿದ್ದುವುದಕ್ಕೆ) ಟಿವಿಯ ಬಣ್ಣದ ಅಳತೆಯಾದ ರೆಕ್ 709, ಕತ್ತಲೆ ಕೋಣೆ, 100 ನಿಟ್, ಗಾಮಾ 2.4. ಯೂಟ್ಯೂಬ್‌ಗೆ ಮಾತ್ರ ಮಾಡುವವರು ಎಸ್‌ಆರ್‌ಜಿಬಿ ಅಳತೆಯಲ್ಲೇ ನೆಮ್ಮದಿಯಾಗಿರಬಹುದು, ಎರಡರ ಮೂಲ ಬಣ್ಣಗಳು ಒಂದೇ.

ಮತ್ತೆ ಯಾವಾಗ, ಹಳೆಯದು ಕೊಳ್ಳಬಹುದಾ

ಈಗಿನ ಎಲ್‌ಇಡಿ ಪರದೆಗಳು ನಿಧಾನಕ್ಕೆ ಬದಲಾಗುತ್ತವೆ. ಬಣ್ಣವೇ ಹೊಟ್ಟೆಪಾಡು ಆದವರು ತಿಂಗಳಿಗೊಮ್ಮೆ ಅಳೆಯಿರಿ, ಉಳಿದವರು ಮೂರು ತಿಂಗಳಿಗೊಮ್ಮೆ. ಗ್ರಾಫಿಕ್ಸ್ ಡ್ರೈವರ್ ಬದಲಾದ ದಿನ ಪ್ರೊಫೈಲ್ ಇನ್ನೂ ಕೂತಿದೆಯಾ ಅಂತ ಒಮ್ಮೆ ನೋಡಿ.

ಸೆಕೆಂಡ್ ಹ್ಯಾಂಡ್ ಮಾನಿಟರ್ ಕೊಳ್ಳಬಹುದು, ಸೆಕೆಂಡ್ ಹ್ಯಾಂಡ್ ಕಲರಿಮೀಟರ್ ವಿಷಯದಲ್ಲಿ ಹುಷಾರು. ಹಳೆಯ ಮಾಡೆಲ್‌ಗಳ ಬಣ್ಣದ ಫಿಲ್ಟರ್ ವರ್ಷಗಳು ಕಳೆದಂತೆ, ಅದರಲ್ಲೂ ತೇವಕ್ಕೆ, ಮಂಕಾಗುತ್ತದೆ. ಮಂಗಳೂರು, ಉಡುಪಿ ಕಡೆ ಹತ್ತು ಮಳೆಗಾಲ ಕಂಡ ಹಳೆ ಸ್ಪೈಡರ್ ಸಾವಿರ ರೂಪಾಯಿಗೆ ಸಿಕ್ಕರೂ ಬಿಡಿ. ಅದು ಕೊಡುವ ತಪ್ಪು ಉತ್ತರ ಸರಿಯಾದ ಉತ್ತರದ ಹಾಗೇ ಕಾಣುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಹೊಸದು ಕೊಂಡವರು ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿಯಾಗಿ ಮುಚ್ಚಿಡಿ. ಕ್ಯಾಮೆರಾ ಲೆನ್ಸ್‌ಗೆ ಬೂಸ್ಟು ಹತ್ತದಿರಲಿ ಅಂತ ಡ್ರೈ ಬಾಕ್ಸ್ ಇಟ್ಟಿದ್ದರೆ ಅದರಲ್ಲೇ ಒಂದು ಮೂಲೆ ಸಾಕು.